ಆರ್ಮ್ ನೋಡಿ ಕಾರ್ಟ್ರಿಜ್ ಆರಿಸಿ: ರೆಕಾರ್ಡ್ ಪ್ಲೇಯರ್ ಬಗ್ಗೆ ಓದುಗರ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಿಂದ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರಗಳಿಂದ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಹೆಚ್ಚಿನವರು ಕೇಳಿರುವುದು ಯಾವ ಕಾರ್ಟ್ರಿಜ್ (ಮುಳ್ಳಿನ ಅಲುಗಾಟವನ್ನು ವಿದ್ಯುತ್ತಾಗಿಸುವ ಪುಟ್ಟ ಡಬ್ಬಿ) ಒಳ್ಳೆಯದು ಎಂದು. ಅದು ಕೂರುವ ಆರ್ಮ್ (ರೆಕಾರ್ಡಿನ ಮೇಲೆ ಚಾಚುವ ತೋಳು) ಯಾವುದು, ಈಗ ಯಾವ ಸ್ಥಿತಿಯಲ್ಲಿದೆ ಎಂದು ಗೊತ್ತಾಗದೆ ಈ ಪ್ರಶ್ನೆಗೆ ಉತ್ತರ ಹೇಳಲಾಗದು. ನಮ್ಮ ಜಿಲ್ಲೆಯ ಹವೆಯಲ್ಲಿ ಹಳೆಯ ಪ್ಲೇಯರ್‌ನ ಮೋಟರ್‌ಗಿಂತ ಮೊದಲು ಕೆಡುವುದು ರಬ್ಬರ್ ಮತ್ತು ತಂತಿಯ ಕೂಡುಜಾಗಗಳು. ಆದ್ದರಿಂದ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ. ಉತ್ತರಗಳಲ್ಲಿ ‘ಮುಳ್ಳು’ ಎಂದರೆ ರೆಕಾರ್ಡನ್ನು ಮುಟ್ಟುವ ವಜ್ರದ ಅಥವಾ ನೀಲದ ತುದಿ. ‘ಕಡ್ಡಿ’ ಎಂದರೆ ಆ ತುದಿಯನ್ನು ಹೊತ್ತ ಕೂದಲೆಳೆಯಂಥ ಸಣ್ಣ ಕೊಳವೆ.

ಶಿರಸಿಯ ಓದುಗರು: ಮನೆಯ ಅಟ್ಟದ ಮೇಲೆ ಬಹುಕಾಲ ಇದ್ದ ಗ್ಯಾರಾರ್ಡ್ ಎಸ್‌ಪಿ25 ಪ್ಲೇಯರನ್ನು ಕೆಳಗಿಳಿಸಿದ್ದೇವೆ. ಶ್ಯೂರ್ ಎಂ75 ಕಾರ್ಟ್ರಿಜ್ ಇದೆ. ಪ್ಲ್ಯಾಟರ್ (ರೆಕಾರ್ಡ್ ಇಡುವ ತಟ್ಟೆ) ತಿರುಗುತ್ತದೆ. ಆದರೆ ಎಡಗಡೆ ಸ್ಪೀಕರ್ ಮೌನ, ಬಲಗಡೆ ದನಿ ಒಡೆಯುತ್ತದೆ. ಕಾರ್ಟ್ರಿಜ್ ಬದಲಿಸಬೇಕೇ?

ಉತ್ತರ: ಬದಲಿಸುವ ಮಾತು ಕಡೆಗಿರಲಿ. ಎಂ75ರ ದೇಹದೊಳಗೆ ಇರುವುದು ಸುರುಳಿ ತಂತಿ ಮತ್ತು ಲೋಹದ ಪಟ್ಟಿ ಮಾತ್ರ. ಅದು ಸುಲಭಕ್ಕೆ ಸಾಯುವುದಿಲ್ಲ. ಹಾಳಾಗುವುದು ಮುಂದಿನಿಂದ ಎಳೆದು ತೆಗೆಯಬಹುದಾದ ಮುಳ್ಳಿನ ಭಾಗ. ಕಡ್ಡಿಯ ಬುಡದಲ್ಲಿ ಸಾಸಿವೆಗಿಂತ ಚಿಕ್ಕ ರಬ್ಬರ್ ಉಂಗುರ ಇರುತ್ತದೆ. ವರ್ಷಗಳು ಕಳೆದಂತೆ ಅದು ಒಂದೋ ಗಟ್ಟಿಯಾಗುತ್ತದೆ, ಇಲ್ಲವೇ ಅಂಟಂಟಾಗಿ ಕುಸಿಯುತ್ತದೆ. ಗಟ್ಟಿಯಾದರೆ ಮುಳ್ಳು ಗೆರೆಯ ತಿರುವುಗಳನ್ನು ಹಿಂಬಾಲಿಸಲಾರದೆ ತಾರಸ್ಥಾಯಿಯಲ್ಲಿ, ‘ಸ’ಕಾರ ‘ಶ’ಕಾರಗಳಲ್ಲಿ ದನಿ ಒಡೆಯುತ್ತದೆ. ನಿಮ್ಮ ಬಲಗಡೆಯ ತೊಂದರೆ ಬಹುಶಃ ಇದೇ. ಕುಸಿದಿದ್ದರೆ ಕಾರ್ಟ್ರಿಜ್‌ನ ಹೊಟ್ಟೆ ರೆಕಾರ್ಡಿಗೆ ತಾಗುತ್ತದೆ. ಬೇಡದ ರೆಕಾರ್ಡ್ ಒಂದರ ಮೇಲೆ ಪ್ಲ್ಯಾಟರ್ ನಿಲ್ಲಿಸಿಯೇ ಮುಳ್ಳನ್ನು ಇಳಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಕಾರ್ಟ್ರಿಜ್‌ನ ತಳಕ್ಕೂ ರೆಕಾರ್ಡಿಗೂ ನಡುವೆ ಬೆಳಕು ಕಾಣಬೇಕು. ಕಡ್ಡಿ ಎದುರಿನಿಂದ ನೋಡಿದಾಗ ನೇರವಾಗಿರಬೇಕು.

ಎಡಗಡೆಯ ಮೌನಕ್ಕೆ ಬೇರೆ ಕಾರಣ ಇರಬೇಕು. ಕಾರ್ಟ್ರಿಜ್ ಹಿಂದೆ ನಾಲ್ಕು ಪಿನ್‌ಗಳಿವೆ. ಬಿಳಿ ತಂತಿ ಎಡದ ಧನ, ನೀಲಿ ಎಡದ ಋಣ. ಕೆಂಪು ಬಲದ ಧನ, ಹಸಿರು ಬಲದ ಋಣ. ಆಂಪ್ಲಿಫೈಯರ್ ಬಂದ್ ಮಾಡಿ ಬಿಳಿ-ಕೆಂಪುಗಳನ್ನು ಅದಲುಬದಲು ಮಾಡಿ, ನೀಲಿ-ಹಸಿರುಗಳನ್ನೂ ಹಾಗೆಯೇ ಮಾಡಿ, ಮತ್ತೆ ನುಡಿಸಿ. ಮೌನ ಬಲಕ್ಕೆ ಹೋದರೆ ದೋಷ ಕಾರ್ಟ್ರಿಜ್‌ನಲ್ಲಿ. ಎಡದಲ್ಲೇ ಉಳಿದರೆ ಆರ್ಮ್‌ನ ತಂತಿ, ಪ್ಲಗ್ ಅಥವಾ ಆಂಪ್ಲಿಫೈಯರ್‌ನಲ್ಲಿ. ಎಸ್‌ಪಿ25ರಲ್ಲಿ ಕಾರ್ಟ್ರಿಜ್ ಕೂರುವುದು ಜಾರಿಸಿ ತೆಗೆಯುವ ಪ್ಲಾಸ್ಟಿಕ್ ತಟ್ಟೆಯ ಮೇಲೆ. ಆ ತಟ್ಟೆಯೂ ಆರ್ಮ್‌ನ ತುದಿಯ ತಲೆಭಾಗವಾದ ಹೆಡ್‌ಶೆಲ್ಲೂ ಸೇರುವಲ್ಲಿ ಸಣ್ಣ ಲೋಹದ ನಾಲಗೆಗಳಿವೆ. ಮಳೆಗಾಲದ ಥಂಡಿಗೆ ಅವು ಕಪ್ಪಾಗಿ ಕಿಲುಬು ಹಿಡಿಯುತ್ತವೆ, ಒಂದು ಕಡೆಯ ದನಿ ನಿಂತುಹೋಗುವುದು ಹೆಚ್ಚಾಗಿ ಅಲ್ಲಿಯೇ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಹತ್ತಿಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಒರೆಸಿ. ಮರಳು ಕಾಗದ ಬೇಡವೇ ಬೇಡ. ಮೇಲಿನ ಲೇಪ ಹೋದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಮಲ್ಟಿಮೀಟರ್ ಇದ್ದರೆ ಮುಳ್ಳಿನ ಭಾಗ ಕಿತ್ತಿಟ್ಟು, ಎಡದ ಎರಡು ಪಿನ್, ಬಲದ ಎರಡು ಪಿನ್‌ಗಳ ಓಮ್ ಅಳೆಯಿರಿ. ಅಂಕಿ ಎಷ್ಟೆಂಬುದಕ್ಕಿಂತ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಬರುವುದು ಮುಖ್ಯ. ಒಂದು ಕಡೆ ಏನೂ ತೋರಿಸದಿದ್ದರೆ ಸುರುಳಿ ತುಂಡಾಗಿದೆ, ಕಾರ್ಟ್ರಿಜ್ ಹೋಯಿತು.

ಪಿನ್‌ಗಳಿಗೆ ನೇರ ಬೆಸುಗೆ ಹಾಕಬೇಡಿ. ಪಿನ್ ಕಾದರೆ ಒಳಗೆ ಅದಕ್ಕೆ ಅಂಟಿದ ಕೂದಲಿನಂಥ ತಾಮ್ರದ ಎಳೆ ಕಳಚಿಕೊಳ್ಳುತ್ತದೆ, ಆಮೇಲೆ ಸೇರಿಸಲಾಗದು. ತಂತಿಯ ತುದಿಗೆ ಹಿತ್ತಾಳೆ ಕ್ಲಿಪ್ ಬೆಸೆದು, ಅದು ಪೂರ್ತಿ ತಣಿದ ಮೇಲೆ ಪಿನ್ನಿಗೆ ಹಾಕಬೇಕು. ಪಿನ್ ದಪ್ಪ ಸುಮಾರು 1.2 ಮಿ.ಮೀ. ಕ್ಲಿಪ್ ಸಡಿಲವಿದ್ದರೆ ಬೆರಳಿನಲ್ಲಿ ಅದುಮಬೇಡಿ. ಗುಂಡುಪಿನ್ನಿನ ಸುತ್ತ ಇಕ್ಕಳದಿಂದ ಒಂದಿಷ್ಟು ಬಿಗಿಮಾಡಿ. ಬಿಗಿಯಾದ ಕ್ಲಿಪ್ಪನ್ನು ಬಲವಂತವಾಗಿ ನೂಕಿದರೆ ಪಿನ್ ಒಳಕ್ಕೆ ಹೋಗುತ್ತದೆ.

ಇನ್ನು ಹೊಸ ಮುಳ್ಳು. ಶ್ಯೂರ್ ಕಂಪನಿ 2018ರಲ್ಲಿ ಕಾರ್ಟ್ರಿಜ್ ತಯಾರಿಕೆಯನ್ನೇ ನಿಲ್ಲಿಸಿತು. ಈಗ ಸಿಗುವುದು ಬೇರೆಯವರು ಮಾಡಿದ ಬದಲಿ ಮುಳ್ಳುಗಳು. ಜಪಾನಿನ ಜಿಕೊ ಅವುಗಳಲ್ಲಿ ನಂಬಬಹುದಾದ ಹೆಸರು. ಎಂ75ರ ದೇಹಕ್ಕೆ ಹಲವು ಬಗೆಯ ಮುಳ್ಳು ಕೂರುತ್ತವೆ, ತಪ್ಪುವುದು ಇಲ್ಲಿಯೇ. ‘ಇಡಿ’ (ED) ಎಂಬ ಮುಳ್ಳು 0.75ರಿಂದ 1.5 ಗ್ರಾಂ ಭಾರಕ್ಕಾಗಿ ಮಾಡಿದ್ದು; ಭಾರ ಎಂದರೆ ಮುಳ್ಳು ರೆಕಾರ್ಡನ್ನು ಒತ್ತುವ ತೂಕ. ಅದು ಮೇಲ್ದರ್ಜೆಯದು ಎಂದು ಎಲ್ಲರೂ ಅದನ್ನೇ ಹುಡುಕುತ್ತಾರೆ. ಆದರೆ ಎಸ್‌ಪಿ25ರ ಆರ್ಮ್, ರೆಕಾರ್ಡ್ ಮುಗಿದ ಮೇಲೆ ತಾನೇ ಹಿಂತಿರುಗುವ ಯಂತ್ರದ ಸನ್ನೆಯನ್ನೂ ತಳ್ಳಿಕೊಂಡು ಹೋಗಬೇಕು. ಒಂದು ಗ್ರಾಂ ಭಾರದ ಮೆದು ಕಡ್ಡಿ ಆ ಎಳೆತವನ್ನು ತಾಳದು. ಕಡ್ಡಿ ಪಕ್ಕಕ್ಕೆ ವಾಲಿ ಕೊನೆಯ ಹಾಡಿನಲ್ಲಿ ಜಿಗಿಯುತ್ತದೆ. ನಿಮಗೆ ಬೇಕಾದದ್ದು 1.5ರಿಂದ 3 ಗ್ರಾಂ ತಡೆಯುವ, ಗುಂಡು ತುದಿಯ ಮುಳ್ಳು. 2.5 ಗ್ರಾಮಿಗೆ ಇಡಿ. ಬೆಲೆಯೂ ಕಡಿಮೆ, ನಿಮ್ಮ ಪ್ಲೇಯರಿನಲ್ಲಿ ಕೇಳಲೂ ಇದೇ ಮೇಲು.

ಅದಕ್ಕೂ ಮೊದಲು ಪ್ಲ್ಯಾಟರ್ ಎತ್ತಿ ಕೆಳಗಿನ ಸನ್ನೆಗಳನ್ನು ನೋಡಿ. ಹಳೆಯ ಗ್ರೀಸ್ ಗಟ್ಟಿ ಮೇಣವಾಗಿರುತ್ತದೆ. ಕೆರೆದು ತೆಗೆದು, ತಿರುಗುವ ಕೀಲುಗಳಿಗೆ ಹೊಸ ಗ್ರೀಸ್ ಸ್ವಲ್ಪವೇ ಹಚ್ಚಿ. ಆರ್ಮ್ ಹಿಂತಿರುಗುವುದನ್ನು ಶುರುಮಾಡುವ, ಪ್ಲ್ಯಾಟರ್ ಅಡಿಯಲ್ಲಿ ಬಡಿಯುವ ಪುಟ್ಟ ಸನ್ನೆಗೆ ಮಾತ್ರ ಎಣ್ಣೆ, ಗ್ರೀಸ್ ಎರಡೂ ಕೂಡದು. ಅದು ಒಣಗಿದ್ದು ಹಗುರಾಗಿ ಆಡಬೇಕು. ಅಲ್ಲಿ ಎಣ್ಣೆ ಬಿದ್ದರೆ ಧೂಳು ಕೂತು, ಆರ್ಮ್ ನಡುಹಾಡಿನಲ್ಲೇ ಎದ್ದು ಹೋಗುತ್ತದೆ, ಇಲ್ಲವೇ ಕೊನೆಯಲ್ಲಿ ಏಳುವುದೇ ಇಲ್ಲ.

ಯಲ್ಲಾಪುರದ ಓದುಗರು: ನಮ್ಮಲ್ಲಿ ಪೆಟ್ಟಿಗೆ ಮಾದರಿಯ, ಒಳಗೇ ವಾಲ್ವ್ ಆಂಪ್ಲಿಫೈಯರ್ ಇರುವ ಪ್ಲೇಯರ್ ಇದೆ. ದನಿ ತೀರಾ ಕ್ಷೀಣ. ಇದಕ್ಕೆ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಹಾಕಿಸಿದರೆ ಸುಧಾರಿಸುತ್ತದೆಯೇ?

ಉತ್ತರ: ಇಲ್ಲ, ಇನ್ನೂ ಕ್ಷೀಣವಾಗುತ್ತದೆ. ಅಯಸ್ಕಾಂತ, ಸುರುಳಿಗಳಿಂದ ನಡೆಯುವ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು 3ರಿಂದ 5 ಮಿಲಿವೋಲ್ಟ್. ನಿಮ್ಮ ಆಂಪ್ಲಿಫೈಯರ್ ಎದುರುನೋಡುವುದು ಅದರ ನೂರು ಪಟ್ಟಿನ ಆಸುಪಾಸು. ಜೊತೆಗೆ ಮ್ಯಾಗ್ನೆಟಿಕ್ ಆದರೆ ರೆಕಾರ್ಡಿನಲ್ಲಿ ತಗ್ಗಿಸಿದ ಮಂದ್ರವನ್ನು ಏರಿಸಿ, ಏರಿಸಿದ ತಾರವನ್ನು ಇಳಿಸುವ ಆರ್‌ಐಎಎ ಸರ್ಕ್ಯೂಟ್ ಬೇರೆ ಬೇಕು. 1954ರಿಂದ ರೆಕಾರ್ಡ್ ಕಂಪನಿಗಳು ಒಪ್ಪಿಕೊಂಡ ಅಳತೆ ಅದು. ನಿಮ್ಮ ಪೆಟ್ಟಿಗೆಯಲ್ಲಿ ಅದು ಇಲ್ಲ. ಆ ಮಾದರಿಯ ಆರ್ಮೂ ಭಾರದ್ದು. ಮ್ಯಾಗ್ನೆಟಿಕ್ ಮುಳ್ಳನ್ನು ಹಿಸುಕಿಬಿಡುತ್ತದೆ.

ದನಿ ಕ್ಷೀಣವಾದದ್ದೇಕೆ ಎಂಬುದು ಮುಖ್ಯ. ಹಳೆಯ ಪೆಟ್ಟಿಗೆಗಳಲ್ಲಿ ಎರಡು ಬಗೆಯ ಕಾರ್ಟ್ರಿಜ್ ಇರುತ್ತಿದ್ದವು. ಕ್ರಿಸ್ಟಲ್ ಎಂಬುದರಲ್ಲಿ ರೋಶೆಲ್ ಉಪ್ಪಿನ ಹರಳು ಇರುತ್ತದೆ. ಹೆಸರಿಗೆ ತಕ್ಕಂತೆ ಅದು ಉಪ್ಪೇ. ಗಾಳಿಯ ತೇವ ಹೀರಿ ಕರಗುತ್ತದೆ, ಸುಮಾರು 55 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಶಾಶ್ವತವಾಗಿ ಕೆಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರುಗಳಲ್ಲಿ ಅರ್ಧ ಶತಮಾನ ಕಳೆದ ಕ್ರಿಸ್ಟಲ್ ಜೀವಂತ ಸಿಗುವುದು ಅಪರೂಪ, ರಿಪೇರಿಯೂ ಇಲ್ಲ. ಆಮೇಲೆ ಬಂದ ಸೆರಾಮಿಕ್ ಕಾರ್ಟ್ರಿಜ್‌ಗೆ ತೇವದ ಭಯವಿಲ್ಲ. ಅದರಲ್ಲಿ ಕೆಡುವುದು ಮುಳ್ಳಿನ ಕಡ್ಡಿಯನ್ನು ಒಳಗಿನ ಪಟ್ಟಿಗೆ ಜೋಡಿಸುವ ರಬ್ಬರ್ ಕವಲು.

ನಿಮ್ಮದು ಯಾವುದೇ ಇರಲಿ, ಬದಲಿಗೆ ಸೆರಾಮಿಕ್ಕನ್ನೇ ಹಾಕಿಸಿ. ಈಗ ಅಗ್ಗಕ್ಕೆ ಸಿಗುವ, ಕೆಂಪು ಮುಳ್ಳಿನ ಪುಟ್ಟ ಸ್ಟೀರಿಯೊ ಸೆರಾಮಿಕ್ ಸಾಕು. ಪ್ಲೇಯರ್ ಮೋನೊ ಆದರೆ ಬಿಳಿ-ಕೆಂಪು ಒಟ್ಟಿಗೆ, ನೀಲಿ-ಹಸಿರು ಒಟ್ಟಿಗೆ ಸೇರಿಸಿ. ದನಿ ಹಳೆಯ ಕ್ರಿಸ್ಟಲ್‌ಗಿಂತ ಸ್ವಲ್ಪ ಕಡಿಮೆ ಇರುತ್ತದೆ, ವಾಲ್ಯೂಮ್ ಒಂದಿಷ್ಟು ಏರಿಸಬೇಕಾಗುತ್ತದೆ. ಆಂಪ್ಲಿಫೈಯರ್‌ನ ಇನ್‌ಪುಟ್ಟಿನಲ್ಲಿ ಸುಮಾರು 1 ಮೆಗಓಮ್ ಇರಬೇಕು. ಕಡಿಮೆ ಇದ್ದರೆ ತಬಲಾದ ಡಗ್ಗಾ ಕೇಳಿಸದೆ ಬರೀ ತೆಳು ದನಿ ಉಳಿಯುತ್ತದೆ. ಆರ್ಮ್‌ನ ಹಿಂದಿನ ಸ್ಪ್ರಿಂಗ್ ಸರಿಹೊಂದಿಸಿ ಭಾರವನ್ನು 5ರಿಂದ 6 ಗ್ರಾಮಿಗೆ ತನ್ನಿ. ಇಂಥ ಕಾರ್ಟ್ರಿಜ್‌ಗಳಲ್ಲಿ ಬರುವ ನೀಲದ ಮುಳ್ಳು ಕೆಲವೇ ಹತ್ತು ಗಂಟೆಗಳಲ್ಲಿ ಸವೆಯುತ್ತದೆ. ವಜ್ರದ್ದು ಸಿಕ್ಕರೆ ಅದನ್ನೇ ಕೊಳ್ಳಿ, 500 ಗಂಟೆಯಾದರೂ ಬಾಳುತ್ತದೆ.

ಒಂದು ಎಚ್ಚರಿಕೆ. ಕೆಲವು ವಾಲ್ವ್ ಪೆಟ್ಟಿಗೆಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ, ಒಳಗಿನ ತಗಡಿಗೇ ಕರೆಂಟ್ ಹೊಡೆಯುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಬಿಚ್ಚುವ ಕೆಲಸ ವಾಲ್ವ್ ಗೊತ್ತಿರುವ ರೇಡಿಯೊ ಮೆಕ್ಯಾನಿಕ್‌ಗೇ ಬಿಡಿ.

ಕುಮಟಾದ ಓದುಗರು: ಟೆಕ್ನಿಕ್ಸ್ ಎಸ್‌ಎಲ್-1200 ಇದೆ, ಹೊಸ ಕಾರ್ಟ್ರಿಜ್ ಹಾಕಿದ್ದೇನೆ. ರೆಕಾರ್ಡಿನ ಮೊದಲ ಹಾಡು ಚೆನ್ನಾಗಿದೆ, ಒಳಗಿನ ಹಾಡುಗಳಲ್ಲಿ ದನಿ ಒರಟು. ಕಾರ್ಟ್ರಿಜ್‌ನಲ್ಲಿ ದೋಷವೇ?

ಉತ್ತರ: ಮೊದಲ ಹಾಡು ಸರಿಯಿದ್ದರೆ ಸಂಶಯ ಜೋಡಣೆಯ ಮೇಲೆ. ರೆಕಾರ್ಡನ್ನು ಕತ್ತರಿಸಿದ ಯಂತ್ರದ ತಲೆ ಅಂಚಿನಿಂದ ನಡುವಿಗೆ ನೇರ ಗೆರೆಯಲ್ಲಿ ಸಾಗಿರುತ್ತದೆ. ನಿಮ್ಮ ಆರ್ಮ್ ಒಂದು ಕೀಲಿನ ಸುತ್ತ ಕಮಾನಿನಲ್ಲಿ ಚಲಿಸುತ್ತದೆ. ಹಾಗಾಗಿ ಕಡ್ಡಿ ಗೆರೆಗೆ ಸರಿಯಾಗಿ ಹೊಂದುವುದು ಎರಡೇ ಜಾಗದಲ್ಲಿ. ಹೆಚ್ಚು ಬಳಕೆಯಲ್ಲಿರುವ ಬೇರ್‌ವಾಲ್ಡ್ ಲೆಕ್ಕದಲ್ಲಿ ಆ ಎರಡು ಬಿಂದುಗಳು ನಡುವಿನ ಗೂಟದಿಂದ 66 ಮತ್ತು 120.9 ಮಿ.ಮೀ. ದೂರದಲ್ಲಿವೆ. ಒಳಗೆ ಹೋದಂತೆ ಒಂದೇ ಸುತ್ತಿನಲ್ಲಿ ಸಾಗುವ ಗೆರೆಯ ಉದ್ದ ಕಡಿಮೆ, ಅಲೆಗಳು ಇಕ್ಕಟ್ಟು. ಅಂಚಿನಲ್ಲಿ ಕಿವಿಗೆ ಬೀಳದ ತಪ್ಪು ಒಳಗೆ ಗದ್ದಲವಾಗುವುದು ಅದಕ್ಕೇ.

ನಿಮ್ಮ ಪ್ಲೇಯರಿನಲ್ಲಿ ಕೀಲಿನಿಂದ ಗೂಟಕ್ಕೆ 215 ಮಿ.ಮೀ., ಕೀಲಿನಿಂದ ಮುಳ್ಳಿಗೆ 230 ಮಿ.ಮೀ.; ಮುಳ್ಳು ಗೂಟವನ್ನು 15 ಮಿ.ಮೀ. ದಾಟಬೇಕು. ಇದನ್ನು ಸಾಧಿಸಲು ಕಂಪನಿ ಹೇಳುವ ಸುಲಭ ಅಳತೆ, ಹೆಡ್‌ಶೆಲ್ ಹಿಂಬದಿಯ ರಬ್ಬರ್ ವಾಷರ್‌ನಿಂದ ಮುಳ್ಳಿನ ತುದಿಗೆ 52 ಮಿ.ಮೀ. ಮೊದಲು ಹೀಗೆ ಕೂರಿಸಿ. ಅಥವಾ ಬೇರ್‌ವಾಲ್ಡ್ ಅಳತೆಪಟ್ಟಿ (ಆ ಎರಡು ಬಿಂದುಗಳನ್ನು ಗುರುತಿಸಿದ ಕಾಗದ) ಬಳಸಿ. ಎರಡರ ಫಲಿತಾಂಶ ಒಂದೇ ಅಲ್ಲ. ಅಳತೆಪಟ್ಟಿಯಂತೆ ಹೊಂದಿಸಿದರೆ ಕಾರ್ಟ್ರಿಜ್ ಸ್ವಲ್ಪ ಮುಂದೆ ಬಂದು ತುಸು ಓರೆಯಾಗಿ ಕೂರುತ್ತದೆ. ಅದನ್ನು ತಪ್ಪೆಂದು ತಿಳಿದು ಹೆಡ್‌ಶೆಲ್‌ಗೆ ನೇರ ಮಾಡಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಯಾವುದಾದರೂ ಒಂದನ್ನು ಹಿಡಿದು ಕೊನೆಯವರೆಗೆ ಅದರಂತೆಯೇ ಹೋಗಿ.

ಅಳತೆಪಟ್ಟಿಯನ್ನು ಪ್ರಿಂಟ್ ಮಾಡಿಸುವುದಾದರೆ ಅಂಗಡಿಯ ಯಂತ್ರ ಪುಟಕ್ಕೆ ಹೊಂದಿಸಲು ಅದನ್ನು ಕುಗ್ಗಿಸಿರುತ್ತದೆ. ಪಟ್ಟಿಯಲ್ಲಿ ಕೊಟ್ಟ 100 ಮಿ.ಮೀ. ಗೆರೆಯನ್ನು ಉಕ್ಕಿನ ಸ್ಕೇಲಿನಿಂದ ಅಳೆಯಿರಿ. ಅರ್ಧ ಮಿ.ಮೀ. ವ್ಯತ್ಯಾಸ ಕಂಡರೂ ಎಸೆದು ಇನ್ನೊಂದು ತೆಗೆಸಿ. ಗೂಟದ ತೂತು ಬಿಗಿಯಾಗಿರಲಿ, ದೊಗಲೆಯಾದರೆ ಕಾಗದ ಸರಿಯುತ್ತದೆ.

ಕೆಲಸದ ಕ್ರಮ ಹೀಗೆ. ಮುಳ್ಳಿಗೆ ಗಾರ್ಡ್ ಹಾಕಿ. ಕಾರ್ಟ್ರಿಜ್‌ನ ಎರಡು ತೂತುಗಳ ನಡುವಿನ ಅಂತರ ಅರ್ಧ ಇಂಚು, ಅಂದರೆ 12.7 ಮಿ.ಮೀ.; ಬೋಲ್ಟ್ 2.5 ಮಿ.ಮೀ. ದಪ್ಪದ್ದು. ಹಿತ್ತಾಳೆ, ಅಲ್ಯುಮಿನಿಯಂ ಅಥವಾ ಅಯಸ್ಕಾಂತ ಹಿಡಿಯದ ಸ್ಟೇನ್‌ಲೆಸ್ ಬೋಲ್ಟ್ ಇರಲಿ. ಕಬ್ಬಿಣದ್ದಾದರೆ ಕರಾವಳಿಯ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಆಮೇಲೆ ತಿರುಗುವುದೇ ಇಲ್ಲ, ಮೇಲಾಗಿ ಸ್ಕ್ರೂಡ್ರೈವರ್ ಜೊತೆ ಅದೂ ಕಾರ್ಟ್ರಿಜ್‌ನ ಅಯಸ್ಕಾಂತಕ್ಕೆ ನೆಗೆಯುತ್ತದೆ. ಬೋಲ್ಟ್‌ಗಳನ್ನು ಕಾರ್ಟ್ರಿಜ್ ಜಾರುವಷ್ಟು ಮಾತ್ರ ಬಿಗಿಮಾಡಿ. ಪ್ಲ್ಯಾಟರ್ ಅಲುಗದಂತೆ ಅಂಚಿಗೆ ಕಾಗದದ ಮಡಿಕೆ ಸಿಕ್ಕಿಸಿ, ಆಂಟಿಸ್ಕೇಟ್ (ಆರ್ಮ್ ಒಳಕ್ಕೆ ಎಳೆಯಲ್ಪಡುವುದನ್ನು ಸರಿದೂಗಿಸುವ ಗುಂಡಿ) ಸೊನ್ನೆಗೆ ಇಟ್ಟು, ಗಾರ್ಡ್ ತೆಗೆದು ಮುಳ್ಳನ್ನು ಹೊರಬಿಂದುವಿಗೆ ಇಳಿಸಿ. ಎದುರಿನಿಂದ ಒಂದೇ ಕಣ್ಣಿನಿಂದ ನೋಡಿ: ಕಡ್ಡಿ ಪಟ್ಟಿಯ ಗೆರೆಗಳಿಗೆ ಸಮಾನಾಂತರವಾಗಿದೆಯೇ? ನೋಡಬೇಕಾದದ್ದು ಕಡ್ಡಿಯನ್ನು, ಕಾರ್ಟ್ರಿಜ್‌ನ ಪ್ಲಾಸ್ಟಿಕ್ ದೇಹವನ್ನಲ್ಲ. ಅಗ್ಗದ ಕಾರ್ಟ್ರಿಜ್‌ಗಳಲ್ಲಿ ಎರಡೂ ಒಂದೇ ನೇರದಲ್ಲಿರುವುದು ಅದೃಷ್ಟ. ಆಮೇಲೆ ಒಳಬಿಂದು. ಅಲ್ಲಿ ಮುಳ್ಳು ಬಿಂದುವಿಗೆ ಬೀಳದಿದ್ದರೆ ಕಾರ್ಟ್ರಿಜ್ಜನ್ನು ಮುಂದೆಯೋ ಹಿಂದೆಯೋ ಸರಿಸಬೇಕು, ಬಿಂದುವಿಗೆ ಬಿದ್ದು ಓರೆಯಾಗಿದ್ದರೆ ತಿರುಗಿಸಬೇಕು. ಒಂದನ್ನು ಸರಿಪಡಿಸಿದರೆ ಇನ್ನೊಂದು ತಪ್ಪುತ್ತದೆ. ಎರಡೂ ಕಡೆ ಹೊಂದುವವರೆಗೆ ಹೀಗೇ ಹೋಗಿಬರುತ್ತಿರಬೇಕು, ಬೇಸರಪಡಬೇಡಿ. ಕೊನೆಗೆ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಅಷ್ಟಷ್ಟೇ ಬಿಗಿಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ಕಾರ್ಟ್ರಿಜ್ ತಿರುಗಿಬಿಡುತ್ತದೆ.

ಆಮೇಲೆ ಎತ್ತರ. ರೆಕಾರ್ಡ್ ನುಡಿಯುವಾಗ ಆರ್ಮ್ ಕೊಳವೆ ಪಕ್ಕದಿಂದ ರೆಕಾರ್ಡಿಗೆ ಸಮಾನಾಂತರವಾಗಿರಲಿ. ಬುಡದ ಉಂಗುರ ತಿರುಗಿಸಿ ಹೊಂದಿಸಬಹುದು, ಮೊದಲು ಅದರ ಲಾಕ್ ಬಿಡಿಸಿ. ಎದುರಿನಿಂದ ಹೆಡ್‌ಶೆಲ್ ಎಡಬಲಕ್ಕೆ ವಾಲಿರಬಾರದು.

ಕಾರವಾರದ ಓದುಗರು: ರೆಕಾರ್ಡ್ ಜಿಗಿಯುತ್ತದೆಂದು ಹೆಡ್‌ಶೆಲ್ ಮೇಲೆ ಒಂದು ರೂಪಾಯಿ ನಾಣ್ಯ ಅಂಟಿಸಿದ್ದೇವೆ. ಜಿಗಿತ ನಿಂತಿದೆ. ಇದರಿಂದ ಹಾನಿಯೇ?

ಉತ್ತರ: ಹಾನಿಯೇ. ದಯವಿಟ್ಟು ಇಂದೇ ತೆಗೆಯಿರಿ. 2011ರ ಸರಣಿಯ ಒಂದು ರೂಪಾಯಿ ನಾಣ್ಯ 3.79 ಗ್ರಾಂ. ಮೊದಲೇ 2 ಗ್ರಾಂ ಇದ್ದರೆ ಈಗ ಮುಳ್ಳಿನ ಮೇಲೆ ಸುಮಾರು 6 ಗ್ರಾಂ. ಜೊತೆಗೆ ಆ ನಾಣ್ಯ ಅಯಸ್ಕಾಂತ ಹಿಡಿಯುವ ಸ್ಟೀಲ್. ಮ್ಯಾಗ್ನೆಟಿಕ್ ಕಾರ್ಟ್ರಿಜ್ ನೆತ್ತಿಯ ಮೇಲೆ ಇರಬೇಕಾದ ವಸ್ತುವಲ್ಲ. ಭೀಮಸೇನ ಜೋಶಿಯವರ ಹಳೆಯ ಎಲ್‌ಪಿ ಒಮ್ಮೆ ಸವೆದರೆ ಆ ಪ್ರತಿ ಹೋದಂತೆಯೇ.

ಜಿಗಿತಕ್ಕೆ ಕಾರಣ ಹುಡುಕಬೇಕು. ಆರ್ಮ್‌ನ ಹಿಂದಿನ ತೂಕವನ್ನು ತಿರುಗಿಸುತ್ತ ಆರ್ಮ್ ಗಾಳಿಯಲ್ಲಿ ಸಮವಾಗಿ ತೇಲುವಂತೆ ಮಾಡಿ, ಆಂಟಿಸ್ಕೇಟ್ ಸೊನ್ನೆ ಇರಲಿ. ಈಗ ಆರ್ಮ್‌ನ ತುದಿಗೆ ಬಾಯಿಂದ ಮೆಲ್ಲಗೆ ಊದಿ. ಅದು ಅಡ್ಡಕ್ಕೆ ಸರಾಗವಾಗಿ ಸಾಗಿ ತಾನಾಗಿ ನಿಲ್ಲಬೇಕು. ಎಲ್ಲಾದರೂ ತಡೆದು ನಿಂತರೆ, ಇಲ್ಲವೇ ಒಂದೇ ಜಾಗಕ್ಕೆ ಹಿಂತಿರುಗುತ್ತಿದ್ದರೆ ರೋಗ ಸಿಕ್ಕಿತು. ತಡೆಯುವುದಾದರೆ ಬೇರಿಂಗ್‌ನಲ್ಲಿ ತುಕ್ಕು ಅಥವಾ ಒಣಗಿದ ಎಣ್ಣೆ. ಹಿಂತಿರುಗುವುದಾದರೆ ಆರ್ಮ್ ಒಳಗಿನಿಂದ ಹೊರಬರುವ ತಂತಿಗಳ ಹೊದಿಕೆ ಗಟ್ಟಿಯಾಗಿ ಸ್ಪ್ರಿಂಗಿನಂತೆ ಎಳೆಯುತ್ತಿದೆ. ಕಡಲಂಚಿನ ಮನೆಗಳಲ್ಲಿ ಎರಡೂ ಸಾಮಾನ್ಯ. ಬೇರಿಂಗ್‌ಗೆ ಹೊಲಿಗೆ ಯಂತ್ರದ ಎಣ್ಣೆ ಬಿಡುವ ರೂಢಿ ಇದೆ. ಅದು ನಾಲ್ಕು ದಿನ ಸರಾಗ, ಆಮೇಲೆ ಧೂಳು ಹಿಡಿದು ಮೊದಲಿಗಿಂತ ಕಡೆ. ಬಿಚ್ಚಿ ತೊಳೆದು ಒಣಗಿಸಿ ಜೋಡಿಸಬೇಕು. ಲೆಂಕೊ ಎಲ್75ರಂಥ ಪ್ಲೇಯರ್ ಆದರೆ ಆರ್ಮ್ ಕೂರುವ ರಬ್ಬರಿನ ‘ವಿ’ ತುಂಡುಗಳು ಪುಡಿಯಾಗಿರುವುದೇ ಹೆಚ್ಚು. ಅವುಗಳ ಬದಲಿ ಸಿಗುತ್ತದೆ.

ಆರ್ಮ್ ಸರಾಗವಿದೆ ಎಂದಾದ ಮೇಲೆ ಭಾರ. ಸಮತೋಲದ ಸ್ಥಿತಿಯಲ್ಲಿ ಅಂಕಿಗಳಿರುವ ಉಂಗುರವನ್ನಷ್ಟೇ ಸೊನ್ನೆಗೆ ತಂದು, ಆಮೇಲೆ ತೂಕವನ್ನೂ ಉಂಗುರವನ್ನೂ ಒಟ್ಟಿಗೆ ತಿರುಗಿಸಿ ಬೇಕಾದ ಗ್ರಾಮಿಗೆ ತನ್ನಿ. ಹಳೆಯ ಆರ್ಮ್‌ಗಳಲ್ಲಿ ಆ ಅಂಕಿಯನ್ನು ನಂಬಲಾಗದು. ಅಕ್ಕಸಾಲಿಗರು ಬಳಸುವಂಥ, 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ಮುಳ್ಳು ಕೂರುವ ಜಾಗ ರೆಕಾರ್ಡಿನ ಮಟ್ಟಕ್ಕೇ ಇರಬೇಕು. ಎತ್ತರದಲ್ಲಿ ಅಳೆದರೆ ಅನೇಕ ಆರ್ಮ್‌ಗಳಲ್ಲಿ ತೂಕ ಬೇರೆಯಾಗಿ ಬರುತ್ತದೆ. ತಕ್ಕಡಿಯ ತಟ್ಟೆ ಉಕ್ಕಿನದಾದರೆ ಕಾರ್ಟ್ರಿಜ್ಜನ್ನು ಸೆಳೆದು ಸುಳ್ಳು ಹೇಳುತ್ತದೆ. ನಿಮ್ಮ ಆ ನಾಣ್ಯ 2011ರ ಸರಣಿಯದಾಗಿ ಸವೆಯದೆ ಇದ್ದರೆ ತಕ್ಕಡಿ ಸರಿಯಿದೆಯೇ ಎಂದು ನೋಡಲು ಬಳಸಿ, ಅದು ಅದಕ್ಕೆ ಯೋಗ್ಯ.

ಭಾರವನ್ನು ಕಂಪನಿ ಹೇಳಿದ ಮಿತಿಯ ಮೇಲ್ಭಾಗಕ್ಕೆ ಇಡಿ. ಕಡಿಮೆ ಭಾರ ರೆಕಾರ್ಡನ್ನು ಉಳಿಸುತ್ತದೆ ಎಂಬ ನಂಬಿಕೆ ತಪ್ಪು. ಭಾರ ಸಾಲದೆ ಗೆರೆಯಲ್ಲಿ ಕುಪ್ಪಳಿಸುವ ಮುಳ್ಳು, ಅರ್ಧ ಗ್ರಾಂ ಹೆಚ್ಚಾದ ಮುಳ್ಳಿಗಿಂತ ಹೆಚ್ಚು ಕೆರೆಯುತ್ತದೆ.

ಆಂಟಿಸ್ಕೇಟ್ ಗುಂಡಿಯನ್ನು ಭಾರದ ಅಂಕಿಗೇ ಇಡಿ. ತಿರುಗುವ ರೆಕಾರ್ಡ್ ಆರ್ಮನ್ನು ಒಳಕ್ಕೆ ಎಳೆಯುತ್ತದೆ, ಮುಳ್ಳು ಗೆರೆಯ ಒಳಗೋಡೆಗೆ ಒರಗುತ್ತದೆ. ಒಳಗೋಡೆಯಲ್ಲಿರುವುದು ಎಡ ಚಾನೆಲ್, ಸಡಿಲವಾಗುವುದು ಬಲದ್ದು. ಆದ್ದರಿಂದ ಬಲಗಡೆ ಮಾತ್ರ ದನಿ ಒಡೆದರೆ ಆಂಟಿಸ್ಕೇಟ್ ಏರಿಸಿ, ಎಡಗಡೆ ಮಾತ್ರ ಒಡೆದರೆ ಇಳಿಸಿ. ದಾರಕ್ಕೆ ತೂಗುವ ಪುಟ್ಟ ಗುಂಡಿನ ಮಾದರಿಯಾದರೆ ದಾರ ತೇವದಿಂದ ಉಬ್ಬಿ ಗಾಲಿಯಲ್ಲಿ ಸಿಕ್ಕಿಕೊಂಡಿಲ್ಲವೇ ನೋಡಿ.

ಇಷ್ಟಾದ ಮೇಲೂ ಯಾರಾದರೂ ನಡೆದಾಗ ಮಾತ್ರ ಜಿಗಿದರೆ ದೋಷ ನೆಲದ್ದು. ಮರದ ಹಲಗೆಯ ಮಾಳಿಗೆಯಿಂದ ಪ್ಲೇಯರನ್ನು ಕಲ್ಲುಗೋಡೆಗೆ ಹೊಡೆದ ಕಪಾಟಿಗೆ ಸಾಗಿಸಿ.

ಹೊನ್ನಾವರದ ಓದುಗರು: ಪ್ಲೇಯರ್ ಹಾಕಿದಾಗಲೆಲ್ಲ ಗುಂಯ್ ಎಂಬ ಸದ್ದು. ಅರ್ತ್ ತಂತಿ ಜೋಡಿಸಿದರೆ ಹೆಚ್ಚು, ತೆಗೆದರೂ ಇದೆ.

ಉತ್ತರ: ಅರ್ತ್ ಜೋಡಿಸಿದಾಗ ಹೆಚ್ಚಾಗುವುದೇ ಸುಳಿವು: ಅರ್ತ್‌ಗೆ ಎರಡು ದಾರಿಯಾಗಿದೆ. ಕಾರ್ಟ್ರಿಜ್ ಹಿಂಬದಿ ನೋಡಿ. ಹಲವು ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗಳಲ್ಲಿ ಒಂದು ಚಾನೆಲ್‌ನ ಋಣ ಪಿನ್ನಿನಿಂದ ಲೋಹದ ಹೊರಕವಚಕ್ಕೆ ತೆಳುವಾದ ಲೋಹದ ಪಟ್ಟಿ ಇರುತ್ತದೆ. ಹೆಡ್‌ಶೆಲ್ಲೂ ಲೋಹದ್ದಾಗಿ ಆರ್ಮ್‌ಗೆ ಪ್ರತ್ಯೇಕ ಅರ್ತ್ ತಂತಿ ಇದ್ದರೆ ಉಂಗುರ ಪೂರ್ತಿಯಾಗುತ್ತದೆ. ಆ ಪಟ್ಟಿಯನ್ನು ಜಾರಿಸಿ ತೆಗೆದು ಜೋಪಾನವಾಗಿಡಿ, ಅರ್ತ್ ತಂತಿಯನ್ನು ಆಂಪ್ಲಿಫೈಯರ್‌ನ ಫೋನೊ ಬಳಿಯ ತಿರುಪಿಗೆ ಮಾತ್ರ ಕೊಡಿ. ಆರ್ಮ್ ಕೈಯಲ್ಲಿ ಹಿಡಿದು ಪ್ಲ್ಯಾಟರ್ ಮೇಲೆ ಸಾಗಿಸುವಾಗ ಒಂದು ಕಡೆ ಸದ್ದು ಏರಿದರೆ ಅದು ಅರ್ತ್ ಅಲ್ಲ, ಮೋಟರ್‌ನ ಕಾಂತಕ್ಷೇತ್ರವನ್ನು ಕಾರ್ಟ್ರಿಜ್ ಹೀರುತ್ತಿದೆ. ಅಂಥ ಪ್ಲೇಯರಿಗೆ ಲೋಹದ ಕವಚವಿರುವ ಕಾರ್ಟ್ರಿಜ್ಜೇ ಬೇಕು. ಹಳೆಯ ಎರಡು ಪಿನ್ ಪ್ಲಗ್ ಆದರೆ ಪ್ಲಗ್ಗನ್ನು ತಿರುಗಿಸಿ ಹಾಕಿಯೂ ನೋಡಿ.

ಪಿನ್‌ಗಳ ತಂತಿ ತೆಗೆದು ಹಾಕುವಾಗ ಒಂದೇ ಚಾನೆಲ್‌ನ ಎರಡು ತಂತಿ ಅದಲುಬದಲಾದರೆ ಸಾಮಾನ್ಯವಾಗಿ ಗುಂಯ್ ಬರುವುದಿಲ್ಲ, ಆದರೆ ಮಂದ್ರ ಬಡವಾಗಿ ಹಾಡುವವರ ದನಿ ನಡುವೆ ನಿಲ್ಲದೆ ಚದುರುತ್ತದೆ.

ಭಟ್ಕಳದ ಓದುಗರು: ನನ್ನ ಪ್ಲೇಯರ್‌ನ ಆರ್ಮ್ 12 ಗ್ರಾಂ ಪರಿಣಾಮಿ ತೂಕದ್ದು. ತುಂಬ ಮೆದು ಕಡ್ಡಿಯ, ಒಂದು ಗ್ರಾಮಿನಲ್ಲಿ ನುಡಿಯುವ ಹಳೆಯ ದುಬಾರಿ ಕಾರ್ಟ್ರಿಜ್ ಒಂದು ಸಿಗುವುದರಲ್ಲಿದೆ. ಕೊಳ್ಳಲೇ?

ಉತ್ತರ: ಲೆಕ್ಕ ಹಾಕಿ ನೋಡೋಣ. ಆರ್ಮ್‌ನ ಪರಿಣಾಮಿ ತೂಕ (ಆರ್ಮ್ ಚಲಿಸುವಾಗ ಮುಳ್ಳಿಗೆ ತಗಲುವ ತೂಕ), ಕಾರ್ಟ್ರಿಜ್, ಬೋಲ್ಟ್‌ಗಳ ತೂಕ ಕೂಡಿಸಿ, ಕಾರ್ಟ್ರಿಜ್‌ನ ಕಂಪ್ಲಯನ್ಸ್ (ಕಡ್ಡಿ ಎಷ್ಟು ಮೆದು ಎಂಬ) ಅಂಕಿಯಿಂದ ಗುಣಿಸಿ, ವರ್ಗಮೂಲ ತೆಗೆದು, 159ನ್ನು ಅದರಿಂದ ಭಾಗಿಸಿ. ಬರುವುದು ಆರ್ಮ್ ತಾನೇ ತೂಗಾಡುವ ಆವೃತ್ತಿ. ಅದು 8ರಿಂದ 12 ಹರ್ಟ್ಸ್ ಒಳಗಿರಬೇಕು. ಕೆಳಗಿದ್ದರೆ ಡೊಂಕಾದ ರೆಕಾರ್ಡಿನ ಏರಿಳಿತಕ್ಕೆ ಆರ್ಮ್ ಕುಣಿಯುತ್ತದೆ, ಮೇಲಿದ್ದರೆ ಮಂದ್ರದ ಸಂಗೀತವೇ ಅದನ್ನು ಅಲುಗಿಸುತ್ತದೆ. ನಿಮ್ಮ 12 ಗ್ರಾಂ, ಕಾರ್ಟ್ರಿಜ್ 6, ಬೋಲ್ಟ್ ಅರ್ಧ, ಒಟ್ಟು 18.5. ತುಂಬ ಮೆದು ಕಡ್ಡಿಗೆ ಕಂಪ್ಲಯನ್ಸ್ 30 ಎಂದು ಹಿಡಿದರೆ ಉತ್ತರ 6.7 ಹರ್ಟ್ಸ್. ಮಳೆಗಾಲದಲ್ಲಿ ಒಂದರ ಮೇಲೊಂದು ಪೇರಿಸಿಟ್ಟು ಡೊಂಕಾದ ರೆಕಾರ್ಡ್‌ಗಳ ಊರಿಗೆ ಇದು ಹೇಳಿಮಾಡಿಸಿದ್ದಲ್ಲ. 20 ಆದರೆ 8.3, 10 ಆದರೆ 11.7, ಎರಡೂ ನಡೆಯುತ್ತದೆ. ಜಪಾನಿ ಕಂಪನಿಗಳು ಈ ಅಂಕಿಯನ್ನು 100 ಹರ್ಟ್ಸ್‌ನಲ್ಲಿ ಅಳೆದು ಕೊಡುತ್ತವೆ. ಅದನ್ನು ಒಂದೂವರೆಯಿಂದ ಎರಡು ಪಟ್ಟು ಮಾಡಿ ಲೆಕ್ಕಕ್ಕೆ ತನ್ನಿ.

ಆ ಹಳೆಯ ಕಾರ್ಟ್ರಿಜ್‌ನ ರಬ್ಬರ್ ಈಗ ಹೇಗಿದೆಯೋ, ಮೂಲ ಮುಳ್ಳು ಸಿಗುತ್ತದೆಯೋ ಎಂಬುದೂ ಇದೆ. ನಿಮ್ಮ ದುಡ್ಡು ಹೊಸದಕ್ಕೇ ಹೋಗಲಿ. ಆಡಿಯೊ-ಟೆಕ್ನಿಕಾ ವಿಎಂ95ಇ 6.1 ಗ್ರಾಂ ತೂಕ, 2 ಗ್ರಾಂ ಭಾರದಲ್ಲಿ ನುಡಿಯುತ್ತದೆ, 4 ಮಿಲಿವೋಲ್ಟ್ ಕೊಡುತ್ತದೆ. 100 ಹರ್ಟ್ಸ್‌ನಲ್ಲಿ ಕಂಪ್ಲಯನ್ಸ್ 7, ಎಂದರೆ ನಿಮ್ಮ ಆರ್ಮ್‌ನಲ್ಲಿ ಸುಮಾರು 10 ಹರ್ಟ್ಸ್. ಸವೆದಾಗ ಮುಳ್ಳು ಮಾತ್ರ ಬದಲಿಸಬಹುದು. ಅದಕ್ಕೆ ಕೇಬಲ್, ಆಂಪ್ಲಿಫೈಯರ್ ಸೇರಿ ಕೆಪಾಸಿಟನ್ಸ್ 100ರಿಂದ 200 ಪಿಕೊಫ್ಯಾರಡ್ ಇರಬೇಕು. ಉದ್ದದ ಅಗ್ಗದ ಕೇಬಲ್ ಹಾಕಿದರೆ ತಾರಸ್ಥಾಯಿ ಕಿವಿಗೆ ಚುಚ್ಚುತ್ತದೆ.

ಅಂಕೋಲಾದ ಓದುಗರು: ಎಲ್‌ಪಿ ಮುಳ್ಳಿನಲ್ಲೇ ನಿಮಿಷಕ್ಕೆ 78 ತಿರುವಿನ ಹಳೆಯ ರೆಕಾರ್ಡ್ ನುಡಿಸಬಹುದೇ?

ಉತ್ತರ: ಬೇಡ. ಎಲ್‌ಪಿ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್, 78ರ ಗೆರೆಗೆ ಬೇಕಾದದ್ದು 65ರಿಂದ 75. ಚಿಕ್ಕ ಮುಳ್ಳು ಗೆರೆಯ ತಳಕ್ಕೆ ಇಳಿದು ಅಲ್ಲಿನ ಕಸವನ್ನೆಲ್ಲ ದನಿಯಾಗಿಸುತ್ತದೆ, ತಾನೂ ಬೇಗ ಸವೆಯುತ್ತದೆ. ಅನೇಕ ಕಾರ್ಟ್ರಿಜ್‌ಗಳ ದೇಹಕ್ಕೇ 78ರ ಮುಳ್ಳು ಬೇರೆಯಾಗಿ ಸಿಗುತ್ತದೆ, ಎಳೆದು ಹಾಕಿದರಾಯಿತು. ಭಾರವನ್ನು ಆ ಮುಳ್ಳಿಗೆ ಹೇಳಿದಷ್ಟಕ್ಕೆ ಬದಲಿಸಿ. ಆಂಪ್ಲಿಫೈಯರ್‌ನಲ್ಲಿ ಮೋನೊ ಗುಂಡಿ ಒತ್ತಿ, ಚರಚರ ಸದ್ದು ಅರ್ಧಕ್ಕರ್ಧ ಇಳಿಯುತ್ತದೆ. ಬೂಸಲು ಹಿಡಿದ 78ನ್ನು ಒರೆಸಲು ಆಲ್ಕೊಹಾಲ್ ಇರುವ ಯಾವ ದ್ರವವೂ ಕೂಡದು. ಅವು ಅರಗಿನಿಂದ ಮಾಡಿದವು, ಕರಗುತ್ತವೆ. ಡಿಸ್ಟಿಲ್ಡ್ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ, ಮೆತ್ತನೆ ಬ್ರಷ್‌ನಿಂದ ಗೆರೆಯ ದಿಕ್ಕಿಗೇ ಉಜ್ಜಿ, ಲೇಬಲ್ ನೆನೆಯದಂತೆ ಬರಿ ನೀರಿನಿಂದ ತೊಳೆದು, ಬಿಸಿಲಿಗಿಡದೆ ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ.